ಮದುವೆಯ ದಿನ ಮನೆಯವರೂ ಅತಿಥಿಗಳಂತೆ ಕುಳಿತುಕೊಳ್ಳಬೇಕಾದರೆ ಮೊದಲೇ ಏನೇನು ಮಾಡಬೇಕು?

ಹೊಂಗಿರಣ

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಯ ಮದುವೆ ನಿಶ್ಚಯವಾಗಿದೆ. ದಿನವೂ ಸಭಾಂಗಣವೂ ಗೊತ್ತಾಗಿವೆ, ಸುಮಾರು 600 ಮಂದಿ ಬರುವ ನಿರೀಕ್ಷೆಯಿದೆ. ಉಡುಪು, ಅಲಂಕಾರ, ಖರ್ಚುವೆಚ್ಚಗಳ ಬಗ್ಗೆ ಸಲಹೆ ಕೊಡುವವರು ಬೇಕಾದಷ್ಟು ಜನರಿದ್ದಾರೆ. ನನಗೆ ತಿಳಿಯಬೇಕಾಗಿರುವುದು ಆ ಒಂದು ದಿನವನ್ನು ನಡೆಸುವ ಬಗೆ.

ನಾನು ನೋಡಿದ ಬಹುತೇಕ ಮದುವೆಗಳಲ್ಲಿ ವಧುವಿನ ತಂದೆತಾಯಿ ಮಗಳ ಮದುವೆಯನ್ನು ಕಣ್ತುಂಬ ನೋಡಿದ್ದೇ ಇಲ್ಲ. ತಂದೆ ಕಿವಿಗೆ ಫೋನ್ ಹಚ್ಚಿಕೊಂಡು ಬಾಗಿಲಿನಿಂದ ಅಡುಗೆ ಕೋಣೆಗೂ ಅಲ್ಲಿಂದ ವಾಹನಗಳು ನಿಲ್ಲುವ ಜಾಗಕ್ಕೂ ಓಡಾಡುತ್ತಿರುತ್ತಾರೆ. ತಾಯಿಯ ಸೊಂಟದಲ್ಲಿ ಬೀಗದ ಕೈ ಗೊಂಚಲು ಇರುವುದರಿಂದ ಯಾರಿಗೆ ಏನು ಬೇಕಾದರೂ ಅವರನ್ನೇ ಎಬ್ಬಿಸುತ್ತಾರೆ. ನಮ್ಮ ಮನೆಯಲ್ಲಿ ಹೀಗಾಗಬಾರದು ಎಂಬುದು ನನ್ನ ಆಸೆ. ಅದಕ್ಕಾಗಿ ಈಗಿನಿಂದಲೇ ಏನು ಮಾಡಬಹುದು ಎಂಬುದನ್ನು ಅನುಭವವಿದ್ದವರು ವಿವರವಾಗಿ ತಿಳಿಸಿದರೆ ಉಪಕಾರವಾಗುತ್ತದೆ.

ಪೂರ್ವರಂಗ

ಹೊಂಗಿರಣ ಅವರೇ, ಸಮಾರಂಭಗಳ ಉಸ್ತುವಾರಿಯೇ ನನ್ನ ವೃತ್ತಿ. ಮದುವೆ ಮನೆಯವರು ನನ್ನ ಬಳಿ ಬಂದಾಗ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ಆ ದಿನ ಏನಾದರೂ ಎಡವಟ್ಟಾದರೆ, ಯಾರನ್ನೂ ಕೇಳದೆ ತೀರ್ಮಾನ ತೆಗೆದುಕೊಳ್ಳುವ ಅಧಿಕಾರ ಯಾರಿಗಿದೆ? ಹೆಚ್ಚಿನವರು "ಎಲ್ಲರೂ ಇದ್ದಾರಲ್ಲ, ನೋಡಿಕೊಳ್ಳುತ್ತಾರೆ" ಎನ್ನುತ್ತಾರೆ. ಎಲ್ಲರೂ ನೋಡಿಕೊಳ್ಳುವ ಕೆಲಸವನ್ನು ಕೊನೆಗೆ ಯಾರೂ ನೋಡಿಕೊಳ್ಳುವುದಿಲ್ಲ, ಮತ್ತು ಅದು ತಿರುಗಿ ತಂದೆಯ ಫೋನಿಗೇ ಬರುತ್ತದೆ.

ಆದ್ದರಿಂದ ಮೊದಲ ಕೆಲಸವೆಂದರೆ ಒಬ್ಬ ಮುಖ್ಯ ಉಸ್ತುವಾರಿಯನ್ನು ಗೊತ್ತು ಮಾಡುವುದು. ಅವರು ವಧೂವರರ ತಂದೆತಾಯಿ, ಒಡಹುಟ್ಟಿದವರು ಆಗಿರಬಾರದು. ವಿಧಿಯ ಹೊತ್ತಿನಲ್ಲಿ ಪಕ್ಕದಲ್ಲಿ ನಿಲ್ಲಬೇಕಾದವರೂ, ಪ್ರತಿ ಫೋಟೋದಲ್ಲಿ ಇರಬೇಕಾದವರೂ ಬೇಡ. ಎರಡೂ ಕುಟುಂಬಗಳಿಗೆ ಪರಿಚಯವಿರುವ, ದನಿ ಏರಿಸದೆ ಕೆಲಸ ಮಾಡಿಸಬಲ್ಲ ಚಿಕ್ಕಪ್ಪನೋ, ಸೋದರತ್ತೆಯೋ, ಆಪ್ತ ಸ್ನೇಹಿತರೋ ಆದರೆ ಸೊಗಸು. ಅವರಿಗೆ ಹೆಸರಿಗಷ್ಟೇ ಜವಾಬ್ದಾರಿ ಕೊಟ್ಟರೆ ಸಾಲದು. ಇಂತಿಷ್ಟು ಮೊತ್ತದವರೆಗೆ ಕೇಳದೆಯೇ ಖರ್ಚು ಮಾಡಬಹುದು ಎಂದು ಮೊದಲೇ ಹೇಳಿ, ಆ ಹಣವನ್ನು ಅವರ ಕೈಗೇ ಕೊಟ್ಟಿರಬೇಕು. ಕುರ್ಚಿ ಸಾಲದೆ ಬಂದಾಗ, ವಾಹನ ಕೆಟ್ಟು ನಿಂತಾಗ ತಂದೆಯನ್ನು ಹುಡುಕಿಕೊಂಡು ಹೋಗುವ ಅಗತ್ಯ ಆಗ ಬರುವುದಿಲ್ಲ.

ಎರಡನೆಯದು ಸಂಪರ್ಕ ಪಟ್ಟಿ. ಅಲಂಕಾರದವರು, ಅಡುಗೆಯವರು, ಧ್ವನಿವರ್ಧಕದವರು, ಛಾಯಾಗ್ರಾಹಕರು, ಚಾಲಕರು, ಸಭಾಂಗಣದ ಕಾವಲುಗಾರರು, ಹೀಗೆ ಪ್ರತಿಯೊಬ್ಬರ ಹೆಸರು, ದೂರವಾಣಿ ಸಂಖ್ಯೆ, ಬರುವ ಸಮಯ ಮತ್ತು ಕೊಡಬೇಕಾದ ಬಾಕಿ ಒಂದೇ ಹಾಳೆಯಲ್ಲಿರಬೇಕು. ಆ ಹಾಳೆಯ ತಲೆಯಲ್ಲಿ ಉಸ್ತುವಾರಿಯ ಸಂಖ್ಯೆಯನ್ನು ದಪ್ಪ ಅಕ್ಷರಗಳಲ್ಲಿ ಬರೆದು, ಮನೆಯವರ ಸಂಖ್ಯೆಯನ್ನು ಬರೆಯದೆ, ಎಲ್ಲರಿಗೂ ಒಂದೊಂದು ಪ್ರತಿ ಕೊಡಿ. ಮದುವೆಗೆ ಮೂರು ದಿನ ಇರುವಾಗ ಉಸ್ತುವಾರಿಯೇ ಎಲ್ಲರಿಗೂ ಕರೆ ಮಾಡಬೇಕು. "ಬರುತ್ತೀರಿ ತಾನೇ?" ಎಂದು ಕೇಳಿದರೆ ಎಲ್ಲರೂ "ಹೌದು" ಎಂದೇ ಹೇಳುತ್ತಾರೆ. "ಎಷ್ಟು ಗಂಟೆಗೆ, ಯಾರು, ಯಾವ ವಾಹನದಲ್ಲಿ ಬರುತ್ತಾರೆ, ಬರುವವರ ಸಂಖ್ಯೆ ಕೊಡಿ" ಎಂದು ಕೇಳಿದಾಗಲೇ ಸಿದ್ಧತೆ ಎಷ್ಟಾಗಿದೆ ಎಂಬುದು ಗೊತ್ತಾಗುತ್ತದೆ. ತಡವರಿಸಿದವರಿಗೆ ಮರುದಿನ ಇನ್ನೊಂದು ಕರೆ ಹೋಗಬೇಕು.

ಹೊಂಗಿರಣ

ಪೂರ್ವರಂಗ ಅವರೇ, ತುಂಬಾ ಧನ್ಯವಾದಗಳು. ನಮ್ಮ ಸೋದರಮಾವ ಈ ಹೊಣೆಗೆ ಹೇಳಿ ಮಾಡಿಸಿದಂತಿದ್ದಾರೆ. ಸಮಯದ ಹಂಚಿಕೆಯನ್ನು ಹೇಗೆ ಮಾಡಬೇಕು ಎಂಬುದನ್ನೂ ತಿಳಿಸುವಿರಾ? ನಾವು ಬರೆದುಕೊಂಡಿರುವ ವೇಳಾಪಟ್ಟಿಯಲ್ಲಿ ಬೆಳಿಗ್ಗೆ 7 ಗಂಟೆಯಿಂದ ಎಲ್ಲವೂ ಸಲೀಸಾಗಿ ಹೊಂದಿಕೊಂಡಂತೆ ಕಾಣುತ್ತಿದೆ, ಆದರೆ ನನಗೆ ನಂಬಿಕೆ ಬರುತ್ತಿಲ್ಲ.

ಪೂರ್ವರಂಗ

ನಿಮ್ಮ ಅನುಮಾನ ಸರಿಯಾಗಿದೆ. ಬೆಳಿಗ್ಗೆಯಿಂದ ಮುಂದಕ್ಕೆ ಬರೆಯುತ್ತಾ ಹೋದ ವೇಳಾಪಟ್ಟಿ ಯಾವಾಗಲೂ ಸಲೀಸಾಗಿಯೇ ಕಾಣುತ್ತದೆ. ಕೆಲಸಕ್ಕೆ ಹಿಡಿಯುವ ಸಮಯವನ್ನು ಮನುಷ್ಯರು ಕಡಿಮೆ ಅಂದಾಜು ಮಾಡುವ ಈ ಸ್ವಭಾವಕ್ಕೆ ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವರ್ಸ್ಕಿ 1979ರ ಬರಹದಲ್ಲಿ ಒಂದು ಹೆಸರನ್ನೇ ಕೊಟ್ಟರು. 1994ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವಿದ್ಯಾರ್ಥಿಗಳು ತಮ್ಮ ಪ್ರಬಂಧ ಮುಗಿಸಲು ಸರಾಸರಿ 34 ದಿನ ಸಾಕೆಂದು ಅಂದಾಜಿಸಿದ್ದರು. ವಾಸ್ತವದಲ್ಲಿ ಹಿಡಿದದ್ದು ಸರಾಸರಿ 55 ದಿನಕ್ಕೂ ಹೆಚ್ಚು. ಒಬ್ಬರೇ ಕುಳಿತು ಮಾಡುವ ಕೆಲಸದ ಪಾಡೇ ಇದಾದರೆ, ನೂರಾರು ಜನ ಸೇರಿ ಮಾಡುವ ಮದುವೆಯ ವಿಷಯ ಹೇಳಬೇಕಾಗಿಲ್ಲ.

ಇದಕ್ಕೆ ನಾವು ಅನುಸರಿಸುವ ದಾರಿ ಎಂದರೆ ಬದಲಾಯಿಸಲಾಗದ ಗಳಿಗೆಯಿಂದ ಹಿಂದಕ್ಕೆ ಎಣಿಸುವುದು. ವಿಧಿ ಬೆಳಿಗ್ಗೆ 10:30ಕ್ಕೆ ಆರಂಭವಾಗಬೇಕು ಎಂದಿಟ್ಟುಕೊಳ್ಳಿ. ವಧು 10 ಗಂಟೆಗೆ ಎಲ್ಲ ಮುಗಿಸಿ ಸುಮ್ಮನೆ ಕುಳಿತಿರಬೇಕು. ಅದಕ್ಕೆ ಮುಂಚೆ ಫೋಟೋಗಳಿಗೆ ಅರ್ಧ ಗಂಟೆ ಬೇಕಾದರೆ 9:30ಕ್ಕೆ ಸಭಾಂಗಣ ತಲುಪಿರಬೇಕು. ನಕ್ಷೆ ತೋರಿಸುವ ಪ್ರಯಾಣದ ಅವಧಿ 40 ನಿಮಿಷವಾದರೆ ಅದನ್ನು ಒಂದು ಗಂಟೆ ಎಂದೇ ಹಿಡಿದು 8:30ಕ್ಕೆ ಹೊರಡಬೇಕು. ಮನೆಯವರೆಲ್ಲ ಚೀಲಗಳೊಂದಿಗೆ ವಾಹನ ಹತ್ತುವುದಕ್ಕೇ ಕಾಲು ಗಂಟೆ ಬೇಕು, ಆದ್ದರಿಂದ 8:15ಕ್ಕೆ ಉಡುಪು, ಒಡವೆ ಎಲ್ಲವೂ ಆಗಿರಬೇಕು. ಅದಕ್ಕೆ ಮುಕ್ಕಾಲು ಗಂಟೆ ಕಳೆದರೆ 7:30. ಕೇಶಾಲಂಕಾರಕ್ಕೂ ಮುಖಾಲಂಕಾರಕ್ಕೂ ಎರಡು ಗಂಟೆ ಕಳೆದರೆ 5:30. ಸ್ನಾನ, ಉಪಾಹಾರಕ್ಕೆ ಮುಕ್ಕಾಲು ಗಂಟೆ ಕಳೆದರೆ ವಧು ಏಳಬೇಕಾದದ್ದು 4:45ಕ್ಕೆ. ನಿಮ್ಮ ಪಟ್ಟಿಯಲ್ಲಿ ಬೆಳಗಾಗುವುದು 7ಕ್ಕೆ.

ಇನ್ನೂ ಒಂದು ಸೂಕ್ಷ್ಮವಿದೆ. ಅದೇ ಅಲಂಕಾರದವರ ಬಳಿ ಅಮ್ಮ, ಅಕ್ಕ, ಅತ್ತಿಗೆ ಮೂವರೂ ತಯಾರಾಗಬೇಕೆಂದರೆ ತಲಾ 40 ನಿಮಿಷದಂತೆ ಇನ್ನೂ ಎರಡು ಗಂಟೆ ಸೇರುತ್ತದೆ, ಆಗ ನಡುರಾತ್ರಿ ಕಳೆದು 2:45ಕ್ಕೆ ದಿನ ಆರಂಭವಾಗಬೇಕು. ಬೇರೊಬ್ಬ ಸಹಾಯಕರನ್ನು ಕರೆಸಬೇಕೆಂಬ ಮಾತು ಈಗಲೇ ಹಾಳೆಯ ಮೇಲೆ ಕಂಡರೆ ಅದು ಒಂದು ಫೋನ್ ಕರೆಯ ಕೆಲಸ. ಆ ದಿನ ಮುಂಜಾನೆ ಕಂಡರೆ ಮನೆಯಲ್ಲಿ ಕಣ್ಣೀರು.

ಎರಡನೇ ಮಾತು

ಕ್ಷಮಿಸಿ, ನಾನು ಸ್ವಲ್ಪ ಭಿನ್ನವಾದ ಅಭಿಪ್ರಾಯವನ್ನು ಮುಂದಿಡಬೇಕಾಗಿದೆ. ಹೀಗೆ ನಿಮಿಷ ನಿಮಿಷವನ್ನೂ ಅಳೆದು ಕಟ್ಟಿದ ಮದುವೆಗಳಲ್ಲಿ ನಾನು ಅತಿಥಿಯಾಗಿ ಕುಳಿತಿದ್ದೇನೆ. ಯಾರೋ ಒಬ್ಬರು ಕೈಯಲ್ಲಿ ಹಾಳೆ ಹಿಡಿದು "ಮುಂದಿನವರು ಬನ್ನಿ, ಸಮಯವಾಯಿತು" ಎಂದು ಅಜ್ಜಿಯ ಮಾತನ್ನು ಅರ್ಧಕ್ಕೆ ತುಂಡರಿಸಿದ್ದನ್ನು ಕಂಡು ನನಗೆ ಬಹಳ ನೋವಾಗಿತ್ತು. ಮೊಮ್ಮಗಳಿಗೆ ಆ ಅಜ್ಜಿ ಹೇಳಬೇಕೆಂದಿದ್ದ ಮಾತಿಗಿಂತ ದೊಡ್ಡದು ಆ ದಿನ ಇನ್ನೇನಿತ್ತು? ಮದುವೆಯ ಸಂತೋಷ ಇರುವುದೇ ಯೋಜನೆಯಲ್ಲಿಲ್ಲದ ಗಳಿಗೆಗಳಲ್ಲಿ ಎಂಬುದು ನನ್ನ ನಂಬಿಕೆ. ವೇಳಾಪಟ್ಟಿ ಇರಲಿ, ಆದರೆ ಅದು ಮನುಷ್ಯರ ಮೇಲೆ ಸವಾರಿ ಮಾಡಬಾರದು.

ಪೂರ್ವರಂಗ

ನಿಮ್ಮ ಮಾತನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ, ಮತ್ತು ನೀವು ಕಂಡ ಆ ಪ್ರಸಂಗವೇ ನನ್ನ ವಾದಕ್ಕೂ ಆಧಾರ. ಅಜ್ಜಿಯನ್ನು ಅವಸರಪಡಿಸಬೇಕಾಗಿ ಬಂದದ್ದು ಪಟ್ಟಿಯಲ್ಲಿ ಬಿಡುವು ಇಲ್ಲದಿದ್ದುದರಿಂದ. ಲೆಕ್ಕವನ್ನು ನೋಡಿ: 600 ಅತಿಥಿಗಳು ನಾಲ್ಕು ನಾಲ್ಕು ಜನರ ಗುಂಪುಗಳಾಗಿ ವೇದಿಕೆಗೆ ಬಂದರೆ 150 ಗುಂಪುಗಳಾಗುತ್ತವೆ. ಶುಭಾಶಯ ಹೇಳಿ, ಉಡುಗೊರೆ ಕೊಟ್ಟು, ಫೋಟೋ ತೆಗೆಸಿಕೊಂಡು ಇಳಿಯುವುದಕ್ಕೆ ಒಂದೊಂದು ಗುಂಪಿಗೆ ಬರೀ ಒಂದು ನಿಮಿಷವೆಂದರೂ ಎರಡೂವರೆ ಗಂಟೆ ಬೇಕು. ಹೆಚ್ಚಿನ ಮನೆಗಳಲ್ಲಿ ಇದಕ್ಕೆ ಇಟ್ಟಿರುವುದು ಒಂದು ಗಂಟೆ. ಸಾಲು ಉದ್ದವಾಗುತ್ತಾ ಹೋದಾಗ ಪ್ರತಿಯೊಬ್ಬರನ್ನೂ ನೂಕುವ ಪರಿಸ್ಥಿತಿ ಬರುತ್ತದೆ, ವಧೂವರರು ಎರಡೂವರೆ ಗಂಟೆ ನಿಂತೇ ಇರುತ್ತಾರೆ, ಬಂದವರ ಮುಖ ನೋಡಿ ಮಾತನಾಡುವುದಕ್ಕೂ ಆಗುವುದಿಲ್ಲ.

ಇದಕ್ಕೆ ಪರಿಹಾರಗಳಿವೆ. ವಯಸ್ಸಾದವರನ್ನು ಸಾಲಿನಲ್ಲಿ ನಿಲ್ಲಿಸದೆ, ಅವರು ಕುಳಿತಲ್ಲಿಗೇ ವಧೂವರರು ಹೋಗಿ ಮಾತನಾಡಿಸಲು ಅರ್ಧ ಗಂಟೆಯನ್ನು ಬೇರೆಯಾಗಿ ಇಡಬಹುದು. ಆಪ್ತ ಬಂಧುಗಳ ಫೋಟೋಗಳನ್ನು ಅತಿಥಿಗಳು ಬರುವ ಮೊದಲೇ ಮುಗಿಸಬಹುದು. ಸಹೋದ್ಯೋಗಿಗಳು, ನೆರೆಹೊರೆಯವರು ಇಂಥ ದೊಡ್ಡ ಗುಂಪುಗಳನ್ನು ಒಟ್ಟಿಗೇ ವೇದಿಕೆಗೆ ಕರೆಯಬಹುದು.

ಊಟದ ಲೆಕ್ಕವೂ ಹೀಗೆಯೇ. ಒಂದು ಸರದಿಗೆ 200 ಆಸನಗಳಿದ್ದು, ಬಡಿಸಿ, ಉಂಡು, ಜಾಗ ಶುಚಿ ಮಾಡಲು ಮುಕ್ಕಾಲು ಗಂಟೆಯಾದರೆ 600 ಜನರಿಗೆ ಎರಡೂಕಾಲು ಗಂಟೆ ಹಿಡಿಯುತ್ತದೆ. ವೇದಿಕೆಯ ಸಾಲೂ ಊಟದ ಸರದಿಯೂ ಒಟ್ಟಿಗೇ ನಡೆದರೆ ಜನರು ತಾವಾಗಿಯೇ ಹಂಚಿಹೋಗುತ್ತಾರೆ. ಒಂದು ಮುಗಿದ ಮೇಲೆ ಇನ್ನೊಂದು ಎಂದಿಟ್ಟರೆ ಎರಡು ಕಡೆಯೂ ನೂಕುನುಗ್ಗಲು. ನಾನು ಪ್ರತಿ ಎರಡು ಗಂಟೆಗೊಮ್ಮೆ 20 ನಿಮಿಷ ಏನನ್ನೂ ಬರೆಯದೆ ಖಾಲಿ ಬಿಡುತ್ತೇನೆ. ಅಜ್ಜಿಯ ಮಾತಿಗೆ ಜಾಗ ಸಿಗುವುದು ಅಲ್ಲಿ.

ಎರಡನೇ ಮಾತು

ಖಾಲಿ ಬಿಡುವ ಆ 20 ನಿಮಿಷಗಳ ವಿಚಾರ ನನಗೆ ಹಿಡಿಸಿತು. ವಿವರಿಸಿದ್ದಕ್ಕೆ ಧನ್ಯವಾದಗಳು.

ಬೆಳಕು ನೆರಳು

ಛಾಯಾಗ್ರಾಹಕನಾಗಿ ನನ್ನ ಕಡೆಯಿಂದ ಕೆಲವು ಮಾತುಗಳು. ಮದುವೆಯ ದಿನ ನಮ್ಮ ಅತಿ ಹೆಚ್ಚು ಸಮಯ ಹೋಗುವುದು ಚಿತ್ರ ತೆಗೆಯುವುದರಲ್ಲಿ ಅಲ್ಲ, ಜನರನ್ನು ಹುಡುಕುವುದರಲ್ಲಿ. "ದೊಡ್ಡಪ್ಪ ಎಲ್ಲಿ?" ಎಂದರೆ ಊಟಕ್ಕೆ ಹೋಗಿರುತ್ತಾರೆ, ಅವರನ್ನು ಕರೆತರಲು ಹೋದವರು ಅಲ್ಲೇ ಮಾತಿಗೆ ನಿಲ್ಲುತ್ತಾರೆ, ಅಷ್ಟರಲ್ಲಿ ಇಲ್ಲಿ ನಿಂತಿದ್ದ ಮಕ್ಕಳು ಚದುರಿಹೋಗುತ್ತಾರೆ. ಕುಟುಂಬದ ಒಂದು ಗುಂಪು ಚಿತ್ರಕ್ಕೆ ಎಲ್ಲರೂ ಎದುರಿಗಿದ್ದರೆ ಮೂರು ನಿಮಿಷ ಸಾಕು, ಇಲ್ಲದಿದ್ದರೆ ಹದಿನೈದು ನಿಮಿಷವೂ ಸಾಲದು.

ಆದ್ದರಿಂದ ಬೇಕೇ ಬೇಕಾದ ಗುಂಪುಗಳ ಪಟ್ಟಿಯನ್ನು ಹೆಸರುಗಳ ಸಹಿತ ಬರೆದುಕೊಡಿ. "ತಾಯಿಯ ಕಡೆಯವರು" ಎಂದು ಬರೆದರೆ ನಮಗೆ ತಿಳಿಯುವುದಿಲ್ಲ. ಪಟ್ಟಿ ಹತ್ತು ಗುಂಪುಗಳನ್ನು ಮೀರದಿರಲಿ, ಹೆಚ್ಚು ಜನರಿರುವ ಗುಂಪಿನಿಂದ ಆರಂಭಿಸಿ ಕಡಿಮೆ ಜನರಿರುವ ಗುಂಪಿಗೆ ಬರಲಿ. ಹಾಗೆ ಮಾಡಿದರೆ ಮುಗಿಸಿದವರು ಒಬ್ಬೊಬ್ಬರಾಗಿ ಹೊರಟುಹೋಗಬಹುದು, ಯಾರೂ ಕಾಯಬೇಕಾಗುವುದಿಲ್ಲ. ಎರಡೂ ಕಡೆಯವರ ಮುಖ ಪರಿಚಯವಿರುವ ಯುವಕರನ್ನೋ ಯುವತಿಯರನ್ನೋ ತಲಾ ಒಬ್ಬರಂತೆ ನಮ್ಮ ಜೊತೆ ಬಿಟ್ಟರೆ ಆ ಕೆಲಸ ಅರ್ಧ ಮುಗಿದಂತೆ.

ಬೆಳಕಿನ ವಿಷಯದಲ್ಲೂ ಯೋಜನೆ ಬೇಕು. ಬಯಲಿನಲ್ಲಿ ವಧೂವರರ ಚಿತ್ರಗಳನ್ನು ತೆಗೆಸುವ ಆಸೆಯಿದ್ದರೆ ನಡುಮಧ್ಯಾಹ್ನ ಇಟ್ಟುಕೊಳ್ಳಬೇಡಿ. ಸೂರ್ಯ ನೆತ್ತಿಯ ಮೇಲಿರುವಾಗ ಕಣ್ಣುಗಳ ಕೆಳಗೆ ಗಾಢ ನೆರಳು ಬೀಳುತ್ತದೆ, ಬೆವರಿನಿಂದ ಅಲಂಕಾರವೂ ಕೆಡುತ್ತದೆ. ಸೂರ್ಯಾಸ್ತಕ್ಕೆ ಮುಂಚಿನ ಒಂದು ಗಂಟೆಯ ಬೆಳಕು ಮೃದುವಾಗಿರುತ್ತದೆ. ಆ ದಿನದ ಸೂರ್ಯಾಸ್ತದ ಸಮಯವನ್ನು ನೋಡಿಕೊಂಡು 25 ನಿಮಿಷವನ್ನು ಅಲ್ಲಿ ಕಾದಿರಿಸಿ. ವೇದಿಕೆಯ ಮೇಲೆ ಬಣ್ಣ ಬಣ್ಣದ ದೀಪಗಳನ್ನು ನೇರವಾಗಿ ಮುಖಕ್ಕೆ ಹಾಯಿಸಿದರೆ ಚಿತ್ರದಲ್ಲಿ ಮುಖಗಳು ನೇರಳೆಯಾಗಿಯೋ ಹಸಿರಾಗಿಯೋ ಬರುತ್ತವೆ. ಅದನ್ನು ಆಮೇಲೆ ಪೂರ್ತಿ ಸರಿಪಡಿಸಲು ಬರುವುದಿಲ್ಲ. ಬಣ್ಣದ ದೀಪಗಳು ಹಿನ್ನೆಲೆಗೆ ಇರಲಿ, ಮುಖದ ಮೇಲೆ ಬಿಳಿ ಬೆಳಕು ಬೀಳಲಿ ಎಂದು ಅಲಂಕಾರದವರಿಗೆ ಮೊದಲೇ ಹೇಳಿ.

ಛಾಯಾಗ್ರಾಹಕರನ್ನು ಗೊತ್ತು ಮಾಡುವಾಗ ಎರಡು ಪ್ರಶ್ನೆ ಕೇಳಲೇಬೇಕು. ನಿಮಗೆ ಆ ದಿನ ಕಾಯಿಲೆಯಾದರೆ ಯಾರು ಬರುತ್ತಾರೆ? ಚಿತ್ರಗಳು ಒಂದೇ ಸಮಯಕ್ಕೆ ಎರಡು ಮೆಮೊರಿ ಕಾರ್ಡುಗಳಲ್ಲಿ ಉಳಿಯುತ್ತವೆಯೇ? ಸ್ಪಷ್ಟ ಉತ್ತರ ಕೊಡಲಾಗದವರ ಕೈಗೆ ಮತ್ತೆ ಬಾರದ ದಿನವನ್ನು ಒಪ್ಪಿಸಬೇಡಿ.

ಸ್ವರಸಂಧಿ

ನಾನು ಧ್ವನಿ ವ್ಯವಸ್ಥೆಯ ಕೆಲಸ ಮಾಡುವವನು. ನಮ್ಮ ಕೆಲಸದ ಬಗ್ಗೆ ಮನೆಯವರು ಯೋಚಿಸುವುದು ಅತಿ ಕಡಿಮೆ, ಆದರೆ ಕೆಟ್ಟಾಗ ಎಲ್ಲರಿಗೂ ಕೇಳಿಸುವುದು ಇದೇ. ಮೈಕು ಕೀರಲು ದನಿ ಮಾಡುವುದಕ್ಕೆ ಮುಖ್ಯ ಕಾರಣ, ಧ್ವನಿವರ್ಧಕದಿಂದ ಹೊರಟ ಶಬ್ದ ಪುನಃ ಮೈಕಿನೊಳಗೆ ಹೋಗಿ ಸುತ್ತುತ್ತಿರುವುದು. ಧ್ವನಿವರ್ಧಕಗಳನ್ನು ವೇದಿಕೆಗಿಂತ ಮುಂದೆ, ಜನರ ಕಡೆಗೆ ಮುಖ ಮಾಡಿ ಇಟ್ಟು, ಮೈಕು ಹಿಡಿದವರು ಅವುಗಳ ಹಿಂದೆ ನಿಂತರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಅಲಂಕಾರದವರು ಚೆಂದಕ್ಕೆಂದು ಪೆಟ್ಟಿಗೆಗಳನ್ನು ವೇದಿಕೆಯ ಹಿಂದಿನ ಮೂಲೆಗೆ ತಳ್ಳುವುದು ಸಾಮಾನ್ಯವಾದ್ದರಿಂದ, ಅವರೂ ನಾವೂ ಹಿಂದಿನ ದಿನ ಒಟ್ಟಿಗೆ ಬಂದು ಜಾಗ ಗೊತ್ತು ಮಾಡಿಕೊಳ್ಳುವುದು ಅಗತ್ಯ. ನಿಸ್ತಂತು ಮೈಕುಗಳಿಗೆ ಆ ದಿನ ಬೆಳಿಗ್ಗೆ ಹೊಸ ಬ್ಯಾಟರಿ ಹಾಕಿಸಿ, ತಂತಿಯಿರುವ ಒಂದು ಮೈಕನ್ನೂ ಸಿದ್ಧವಾಗಿಡಲು ಹೇಳಿ.

ದನಿಯ ಮಟ್ಟದ ಬಗ್ಗೆಯೂ ಕಳಕಳಿಯಿಂದ ಹೇಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಮಾರಂಭ ಸ್ಥಳಗಳಿಗಾಗಿ ಹೊರತಂದ ಮಾನದಂಡದ ಪ್ರಕಾರ ಸರಾಸರಿ ಶಬ್ದದ ಮಟ್ಟ 100 ಡೆಸಿಬಲ್ ಮೀರಬಾರದು. ಇದು ಗರಿಷ್ಠ ಮಿತಿ. ಅತಿಥಿಗಳು ಒಬ್ಬರೊಬ್ಬರನ್ನು ಮಾತನಾಡಿಸಬೇಕಾದರೆ ಅದಕ್ಕಿಂತ ಬಹಳ ಕಡಿಮೆಯೇ ಇರಬೇಕು. ಪಕ್ಕದವರ ಜೊತೆ ಮಾತನಾಡಲು ಕೂಗಬೇಕಾಗಿ ಬಂದರೆ ದನಿ ತಗ್ಗಿಸಲು ಹೇಳುವ ಅಧಿಕಾರ ಉಸ್ತುವಾರಿಗೆ ಇರಲಿ. ಹಸುಗೂಸುಗಳು ಮತ್ತು ಹಿರಿಯರ ಆಸನಗಳು ಧ್ವನಿವರ್ಧಕದ ಎದುರಿಗೆ ಬಾರದಂತೆ ನೋಡಿಕೊಳ್ಳಿ.

ವಿದ್ಯುತ್ತಿನ ವಿಚಾರ: ಸಭಾಂಗಣದಲ್ಲಿ ಜನರೇಟರ್ ಇದೆ ಎಂದರೆ ಸಾಲದು. ಅದು ಯಾವ ಯಾವ ಭಾಗಕ್ಕೆ ವಿದ್ಯುತ್ ಕೊಡುತ್ತದೆ, ಎಷ್ಟು ಹೊರೆ ತಡೆಯುತ್ತದೆ, ಇಂಧನ ತುಂಬಿಸುವವರು ಯಾರು, ವಿದ್ಯುತ್ ಹೋದಾಗ ಅದನ್ನು ಚಾಲೂ ಮಾಡುವವರು ಸಮಾರಂಭ ಮುಗಿಯುವ ತನಕ ಅಲ್ಲೇ ಇರುತ್ತಾರೆಯೇ ಎಂದು ಕೇಳಿ.

ಆರೈಕೆ

ನಾನು ಶುಶ್ರೂಷಕಿ. ಮದುವೆಯ ಸಿದ್ಧತೆಯಲ್ಲಿ ದೇಹದ ಸಿದ್ಧತೆ ಕೊನೆಗೆ ಉಳಿದುಬಿಡುತ್ತದೆ. ವಧೂವರರು ಹೊಸ ಪ್ರಸಾಧನವನ್ನಾಗಲಿ, ತಲೆಗೂದಲಿನ ಹೊಸ ಬಣ್ಣವನ್ನಾಗಲಿ ಮದುವೆಯ ವಾರದಲ್ಲಿ ಮೊದಲ ಬಾರಿಗೆ ಬಳಸಬಾರದು. ಕೂದಲಿನ ಬಣ್ಣಗಳಲ್ಲಿರುವ ಕೆಲವು ರಾಸಾಯನಿಕಗಳು ಕೆಲವರ ಚರ್ಮಕ್ಕೆ ಒಗ್ಗದೆ ಊತ, ತುರಿಕೆ ಬರುತ್ತದೆ, ಮತ್ತು ಅದು ಹಚ್ಚಿದ ಕೂಡಲೇ ಕಾಣಿಸದೆ ಒಂದೆರಡು ದಿನ ತಡವಾಗಿ ಕಾಣಿಸಬಹುದು. ಬಣ್ಣ ಬಳಸುವುದಕ್ಕೆ 48 ಗಂಟೆ ಮೊದಲು ಸ್ವಲ್ಪವೇ ಹಚ್ಚಿ ಪರೀಕ್ಷಿಸಲು ತಯಾರಕರೇ ಸೂಚಿಸುತ್ತಾರೆ. ಈ ಪರೀಕ್ಷೆಯನ್ನು ಕೆಲವು ವಾರ ಮೊದಲೇ ಮಾಡಿಕೊಂಡರೆ ನಿಶ್ಚಿಂತೆ. ಹೊಸ ಪಾದರಕ್ಷೆಯನ್ನು ಮನೆಯಲ್ಲಿ ಕೆಲವು ದಿನ ಹಾಕಿಕೊಂಡು ಓಡಾಡಿ. ಹಿಮ್ಮಡಿಯಲ್ಲಿ ಬೊಬ್ಬೆ ಎದ್ದರೆ ಇಡೀ ದಿನದ ನಗು ಮಾಯವಾಗುತ್ತದೆ.

ಆ ದಿನ ವಧೂವರರು ಹಸಿದಿರುವುದು ಬಹಳ ಸಾಮಾನ್ಯ. ವೇದಿಕೆಯ ಬಿಸಿ ದೀಪಗಳ ಕೆಳಗೆ, ಭಾರದ ಉಡುಪಿನಲ್ಲಿ, ನೀರೂ ಕುಡಿಯದೆ ನಿಂತು ತಲೆಸುತ್ತು ಬಂದವರನ್ನು ನಾನು ನೋಡಿದ್ದೇನೆ. ಅವರಿಗೆ ಊಟ ಕೊಡುವ ಸಮಯವನ್ನು ಪಟ್ಟಿಯಲ್ಲಿ ಬರೆದು, "ಇದು ನಿನ್ನ ಕೆಲಸ" ಎಂದು ಒಬ್ಬರಿಗೆ ಹೇಳಿ; ಗಂಟೆಗೊಮ್ಮೆ ನೀರು ಕೊಡುವುದೂ ಅವರದೇ ಹೊಣೆಯಾಗಿರಲಿ. ತಂದೆತಾಯಿಯ ರಕ್ತದೊತ್ತಡ, ಮಧುಮೇಹದ ಮಾತ್ರೆಗಳನ್ನು ಹಿಂದಿನ ರಾತ್ರಿಯೇ ಹೊತ್ತು ಹೊತ್ತಿಗೆ ಬೇರ್ಪಡಿಸಿ, ಅವರ ಚೀಲದಲ್ಲಿ ಅಲ್ಲದೆ ಅವರ ಜೊತೆಗಿರುವವರ ಕೈಯಲ್ಲಿ ಇಡಿ.

ಅಡುಗೆಯವರೊಂದಿಗೆ ಮಾತನಾಡುವಾಗ ರುಚಿಯ ಜೊತೆ ಸುರಕ್ಷತೆಯನ್ನೂ ಕೇಳಬೇಕು. ಬೇಯಿಸಿದ ಆಹಾರವನ್ನು ಹೊರಗಿನ ಉಷ್ಣತೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಇಡಬಾರದು, ಬಿಸಿಯಾಗಿ ಬಡಿಸುವುದನ್ನು 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ, ತಣ್ಣಗೆ ಬಡಿಸುವುದನ್ನು 5 ಡಿಗ್ರಿಗಿಂತ ಕೆಳಗೆ ಇಡಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಎರಡೂಕಾಲು ಗಂಟೆ ನಡೆಯುವ ಊಟಕ್ಕೆ ಎಲ್ಲವನ್ನೂ ಒಮ್ಮೆಗೇ ಬೇಯಿಸಿ ಇಟ್ಟರೆ ಕೊನೆಯ ಸರದಿಯವರಿಗೆ ಅದು ತಂಗಳಾಗಿರುತ್ತದೆ. ಸರದಿಗೆ ತಕ್ಕಂತೆ ಹಂತ ಹಂತವಾಗಿ ಬೇಯಿಸಲು ಆಗುತ್ತದೆಯೇ ಎಂದು ಕೇಳಿ ನೋಡಿ.

ಹೊಂಗಿರಣ

ಇಷ್ಟು ಅಕ್ಕರೆಯಿಂದ ಬರೆದ ಎಲ್ಲರಿಗೂ ನಾನು ಋಣಿ. ಹಿಂದಕ್ಕೆ ಎಣಿಸುವ ಪಟ್ಟಿಯನ್ನು ನಿನ್ನೆ ರಾತ್ರಿ ತಂಗಿಯೂ ನಾನೂ ಕುಳಿತು ಬರೆದೆವು. ಅಲಂಕಾರಕ್ಕೆ ಎರಡನೆಯವರನ್ನು ಕರೆಸುವುದೆಂದು ತೀರ್ಮಾನವಾಯಿತು. ಸೋದರಮಾವ ಉಸ್ತುವಾರಿಗೆ ಸಂತೋಷದಿಂದ ಒಪ್ಪಿದ್ದಾರೆ.

ಆದರೆ ಒಂದು ಕಡೆ ನಿಂತಿದ್ದೇವೆ. ಅಮ್ಮ ಬೀಗದ ಕೈಗಳನ್ನು ಯಾರಿಗೂ ಕೊಡಲು ಒಪ್ಪುತ್ತಿಲ್ಲ. "ನನ್ನ ಮಗಳ ಮದುವೆಯ ಕೆಲಸವನ್ನು ನಾನು ಮಾಡದೆ ಇನ್ನಾರು ಮಾಡಬೇಕು?" ಎಂದು ಕೇಳುತ್ತಾರೆ. ಅವರ ಮನಸ್ಸಿಗೆ ನೋವಾಗದಂತೆ ಇದನ್ನು ಹೇಗೆ ನಿಭಾಯಿಸಬೇಕು?

ನದಿತೀರ

ಹೊಂಗಿರಣ, ನಾನು ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದ ತಾಯಿ, ನಿಮ್ಮ ಅಮ್ಮನ ಮಾತು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಕೆಲಸ ಕಿತ್ತುಕೊಂಡರೆ ನನ್ನನ್ನು ಬದಿಗೆ ಸರಿಸಿದರು ಎನ್ನಿಸುತ್ತದೆ. ಹಾಗಾಗಿ ಅವರ ಕೈಯಿಂದ ಏನನ್ನೂ ಕಿತ್ತುಕೊಳ್ಳಬೇಡಿ. ಅವರ ಕೆಲಸವನ್ನು ಆ ದಿನದಿಂದ ಹಿಂದಿನ ವಾರಕ್ಕೆ ತನ್ನಿ. ಮದುವೆಯ ದಿನ ಯಾರು ಯಾವ ಪೆಟ್ಟಿಗೆ ತೆರೆಯಬೇಕು, ಯಾವ ಒಡವೆ ಯಾರ ಬಳಿ ಇರಬೇಕು ಎಂಬುದನ್ನು ಅವರೇ ನಿರ್ಧರಿಸಲಿ, ಅವರೇ ಬರೆಸಲಿ.

ನಾವು ಹೀಗೆ ಮಾಡಿದೆವು: ಆ ದಿನ ಬೇಕಾಗುವ ಸಾಮಾನುಗಳನ್ನೆಲ್ಲ ನಾನೇ ಬೇರೆ ಬೇರೆ ಚೀಲಗಳಿಗೆ ತುಂಬಿ, ಪ್ರತಿ ಚೀಲದ ಮೇಲೆ ಅದರಲ್ಲಿ ಏನಿದೆ, ಎಷ್ಟು ಹೊತ್ತಿಗೆ ಬೇಕು, ಯಾರ ಜವಾಬ್ದಾರಿ ಎಂದು ಬರೆದು ಅಂಟಿಸಿದೆ. ಸೂಜಿ, ದಾರ, ಪಿನ್ನು, ಕತ್ತರಿ, ಬಿಳಿ ಬಟ್ಟೆಯ ತುಂಡು, ತಲೆನೋವಿನ ಮಾತ್ರೆ, ಗಾಯದ ಪಟ್ಟಿ, ಫೋನಿನ ಚಾರ್ಜರ್, ಇವೆಲ್ಲ ಒಂದು ಚಿಕ್ಕ ಚೀಲದಲ್ಲಿ ವಧುವಿನ ಗೆಳತಿಯ ಬಳಿ ಇದ್ದವು. ಬಾಕಿ ಹಣವನ್ನು ನನ್ನ ಯಜಮಾನರು ಹಿಂದಿನ ದಿನವೇ ಎಣಿಸಿ ಒಬ್ಬೊಬ್ಬರ ಹೆಸರಿನ ಲಕೋಟೆಯಲ್ಲಿ ಹಾಕಿ, ಹಣ ಪಡೆದವರು ಸಹಿ ಹಾಕುವ ಪುಸ್ತಕದೊಂದಿಗೆ ತಮ್ಮನಿಗೆ ಒಪ್ಪಿಸಿದ್ದರು. ಉಡುಗೊರೆಗಳಿಗೆ ಬೀಗವಿರುವ ಒಂದು ಕೋಣೆ, ಅದಕ್ಕೆ ಒಂದೇ ಕೀಲಿ, ಒಬ್ಬರೇ ಹೊಣೆಗಾರರು. ಎಲ್ಲವನ್ನೂ ನಾನೇ ಕಟ್ಟಿಟ್ಟಿದ್ದರಿಂದ ಆ ದಿನ ಕೈ ಖಾಲಿಯಾಗಿದ್ದರೂ ನನ್ನ ಮನಸ್ಸು ತುಂಬಿತ್ತು. ಮಗಳ ಪಕ್ಕದಲ್ಲೇ ಕೊನೆಯವರೆಗೂ ಕುಳಿತಿದ್ದೆ.

ಇನ್ನೊಂದು ಮಾತು. ಅಮ್ಮನಿಗೆ ಆ ದಿನ ಒಂದು ಕೆಲಸವನ್ನಾದರೂ ಉಳಿಸಿ, ಮತ್ತು ಅದು ಓಡಾಟದ ಕೆಲಸ ಆಗದಿರಲಿ. ಹೊರಡುವ ಮುನ್ನ ಮಗಳ ಉಡುಪಿನ ನೆರಿಗೆ ಸರಿಮಾಡುವುದು, ಕೊನೆಯ ಒಡವೆ ತೊಡಿಸುವುದು ಅವರ ಕೈಯಿಂದಲೇ ಆಗಲಿ. ಅಷ್ಟು ಹೊತ್ತು ಕೋಣೆಯಲ್ಲಿ ಬೇರೆ ಯಾರೂ ಇರದಂತೆ ನೀವು ಬಾಗಿಲ ಬಳಿ ನಿಂತು ನೋಡಿಕೊಳ್ಳಿ.

ಪೂರ್ವರಂಗ

ನದಿತೀರ ಅಮ್ಮ ಬರೆದದ್ದಕ್ಕೆ ಒಂದನ್ನು ಸೇರಿಸುತ್ತೇನೆ. ಎಲ್ಲರೂ ಮರೆಯುವುದು ಕೊನೆಯ ಗಂಟೆಯನ್ನು. ಸಭಾಂಗಣವನ್ನು ಎಷ್ಟು ಹೊತ್ತಿಗೆ ಬಿಟ್ಟುಕೊಡಬೇಕು, ಬಾಡಿಗೆಗೆ ತಂದ ವಸ್ತುಗಳನ್ನು ಎಣಿಸಿ ಹಿಂದಿರುಗಿಸುವವರು ಯಾರು, ಉಳಿದ ಆಹಾರವನ್ನು ಕೆಡುವ ಮೊದಲೇ ಯಾರಿಗೆ ತಲುಪಿಸಬೇಕು, ದೂರದಿಂದ ಬಂದ ಹಿರಿಯರನ್ನು ಯಾವ ವಾಹನದಲ್ಲಿ ಕಳುಹಿಸಬೇಕು ಎಂಬುದೆಲ್ಲ ಎಲ್ಲರೂ ದಣಿದಿರುವ ಹೊತ್ತಿನಲ್ಲಿ ಎದುರಾಗುತ್ತದೆ. ಬೆಳಿಗ್ಗೆಯಿಂದ ದುಡಿದವರಿಗೆ ಈ ಕೆಲಸ ಹೊರಿಸಬೇಡಿ. ಮಧ್ಯಾಹ್ನದವರೆಗೆ ಬಿಡುವಾಗಿದ್ದ ಬೇರೆ ಮೂರು ನಾಲ್ಕು ಜನರಿಗೆ ಮೊದಲೇ ಹೇಳಿಡಿ. ಬಯಲಿನಲ್ಲಿ ಯಾವುದಾದರೂ ಕಾರ್ಯಕ್ರಮವಿದ್ದರೆ, ಮಳೆಯ ಕಾರಣಕ್ಕೆ ಅದನ್ನು ಒಳಗೆ ಸ್ಥಳಾಂತರಿಸುವ ತೀರ್ಮಾನವನ್ನು ಯಾರು, ಎಷ್ಟು ಗಂಟೆಯೊಳಗೆ ತೆಗೆದುಕೊಳ್ಳಬೇಕು ಎಂಬುದನ್ನೂ ಬರೆದಿಡಿ. ಆ ಗಂಟೆ ದಾಟಿದ ಮೇಲೆ ಮತ್ತೆ ಚರ್ಚೆ ಬೇಡ.

ಸಾಧ್ಯವಾದರೆ ಮದುವೆಗೆ ಎರಡು ವಾರ ಮೊದಲು, ವಿಧಿ ನಡೆಯುವ ಹೊತ್ತಿಗೇ ಸರಿಯಾಗಿ, ಉಸ್ತುವಾರಿಯನ್ನು ಕರೆದುಕೊಂಡು ಸಭಾಂಗಣಕ್ಕೆ ಹೋಗಿ ಬನ್ನಿ. ಆ ಹೊತ್ತಿನಲ್ಲಿ ರಸ್ತೆ ಹೇಗಿರುತ್ತದೆ, ಬಿಸಿಲು ಯಾವ ಕಿಟಕಿಯಿಂದ ಬರುತ್ತದೆ, ಗಾಲಿಕುರ್ಚಿ ಒಳಗೆ ಬರಲು ಮೆಟ್ಟಿಲಿಲ್ಲದ ದಾರಿ ಇದೆಯೇ, ಶೌಚಾಲಯ ಎಷ್ಟು ದೂರದಲ್ಲಿದೆ ಎಂಬುದನ್ನೆಲ್ಲ ಕಣ್ಣಾರೆ ನೋಡಬಹುದು.

ಹೊಂಗಿರಣ

ನದಿತೀರ ಅಮ್ಮ, ನಿಮ್ಮ ಬರಹವನ್ನು ಅಮ್ಮನಿಗೆ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಚೀಲಗಳ ಮೇಲೆ ಅಂಟಿಸುವ ಚೀಟಿಗಳನ್ನು ತಾವೇ ಬರೆಯುವುದಾಗಿ ಹೇಳಿದರು. ಒಡವೆಯ ಪೆಟ್ಟಿಗೆಯ ಕೀಲಿ ಮಾತ್ರ ತಮ್ಮ ಬಳಿಯೇ ಇರಬೇಕಂತೆ. ಅದಕ್ಕೆ ನಾವು ಒಪ್ಪಿದ್ದೇವೆ. ಸಭಾಂಗಣಕ್ಕೆ ಬರುವ ಭಾನುವಾರ ಬೆಳಿಗ್ಗೆ 10:30ಕ್ಕೆ ಸೋದರಮಾವನೊಂದಿಗೆ ಹೋಗುತ್ತೇವೆ. ಸಾಧ್ಯವಾದರೆ ಧ್ವನಿವರ್ಧಕದವರನ್ನೂ ಅಲಂಕಾರದವರನ್ನೂ ಅಲ್ಲಿಗೇ ಬರಹೇಳಿ, ಪೆಟ್ಟಿಗೆಗಳ ಜಾಗವನ್ನು ಅಂದೇ ಗೊತ್ತು ಮಾಡಿಕೊಂಡು ಬರುತ್ತೇವೆ.